ಗಾಳಿಗೆ ಅಳತೆಗೋಲು ನೀಡಿದ ನಾವಿಕ: ಸರ್ ಫ್ರಾನ್ಸಿಸ್ ಬ್ಯೂಫೋರ್ಟ್

ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕೂಡ್ಲಿಗಿ ಸೀಮೆಯ ರೈತನಿಗೆ ಬರಿಯ ಮಾತಲ್ಲ. ಅದು ಕಣದಲ್ಲಿ ನಿಂತು ಕಂಡುಕೊಂಡ ಸತ್ಯ. ಒಕ್ಕಿದ ಜೋಳವನ್ನು ಮೊರದಲ್ಲಿ ತುಂಬಿಕೊಂಡು ಎತ್ತರದಲ್ಲಿ ನಿಂತವನಿಗೆ ಗಾಳಿಯ ಹದ ಚೆನ್ನಾಗಿ ಗೊತ್ತು. ಗಾಳಿ ತೀರ ಮಂದವಾದರೆ ಹೊಟ್ಟು ಕಾಳಿನೊಡನೆಯೇ ಬೀಳುತ್ತದೆ. ತೀರ ಬಿರುಸಾದರೆ ಕಾಳೂ ಹೊಟ್ಟಿನ ಜೊತೆಗೆ ಹಾರಿಹೋಗುತ್ತದೆ. ಆದರೆ ಈ ಅರಿವು ಅವನ ಮೈಗೆ ಮಾತ್ರ ಗೊತ್ತಿರುವ ಅರಿವು. ಹೊಸಹಳ್ಳಿಯ ಕಣದಲ್ಲಿ ನಿಂತವನು ಬಿರುಗಾಳಿಯೆಂದು ಕರೆದುದನ್ನು ಮಂಗಳೂರಿನ ಮೀನುಗಾರನು ಸಾಧಾರಣ ಗಾಳಿಯೆಂದು ಭಾವಿಸಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರಿಗೂ ಒಪ್ಪಿತವಾದ ಅಳತೆ ಇಲ್ಲ, ಅಷ್ಟೆ.

ಕಡಲಿನಿಂದ ಬಹುದೂರದಲ್ಲಿದ್ದರೂ ಈ ಸೀಮೆಯ ಬದುಕಿಗೆ ಕಡಲ ಗಾಳಿಯೊಡನೆ ನಂಟುಂಟು. ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆಯೆಂಬ ವಾರ್ತೆ ಬಂದರೆ, ಕಿತ್ತು ಹಾಕಿದ ಶೇಂಗಾ ಬಳ್ಳಿಯನ್ನು ಬಣವೆಗೆ ಸೇರಿಸಬೇಕೇ ಬೇಡವೇ ಎಂಬ ಚಿಂತೆ ರೈತನನ್ನು ಕಾಡುತ್ತದೆ. ಆ ವಾರ್ತೆಯಲ್ಲಿ ವಾಯುಭಾರ ಕುಸಿತವು ಚಂಡಮಾರುತವಾಯಿತು, ಚಂಡಮಾರುತವು ತೀವ್ರವಾಯಿತು ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಕೇಳುವವರಿಗೆ ಇವು ಬರಿಯ ವಿಶೇಷಣಗಳಾಗಿ ತೋರಬಹುದು. ವಾಸ್ತವದಲ್ಲಿ ಇವು ಒಂದು ಏಣಿಯ ಮೆಟ್ಟಿಲುಗಳು. ಪ್ರತಿಯೊಂದು ಮೆಟ್ಟಿಲಿಗೂ ಗೊತ್ತಾದ ಗಾಳಿಯ ವೇಗವುಂಟು. ಈ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಆಧಾರವಾದ ಅಳತೆಯನ್ನು ರೂಪಿಸಿದವರು ಎರಡು ಶತಮಾನಗಳ ಹಿಂದೆ ಹಾಯಿಹಡಗೊಂದರಲ್ಲಿ ದಿನಚರಿ ಬರೆಯುತ್ತಿದ್ದ ನಾವಿಕರೊಬ್ಬರು. ಅವರೇ ಸರ್ ಫ್ರಾನ್ಸಿಸ್ ಬ್ಯೂಫೋರ್ಟರು.

ಜನನ ಮತ್ತು ಬಾಲ್ಯ

ಬ್ಯೂಫೋರ್ಟರು 1774ನೆಯ ಇಸವಿ ಮೇ 27ರಂದು ಐರ್ಲೆಂಡಿನ ನೇವನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಡೇನಿಯಲ್ ಅಗಸ್ಟಸ್ ಬ್ಯೂಫೋರ್ಟರು ವೃತ್ತಿಯಿಂದ ಪಾದ್ರಿಗಳು. ಅಭಿರುಚಿಯಿಂದ ಭೂಗೋಳ ಶಾಸ್ತ್ರಜ್ಞರು. 1792ರಲ್ಲಿ ಅವರು ಪ್ರಕಟಿಸಿದ ಐರ್ಲೆಂಡಿನ ಭೂಪಟವು ಆ ಕಾಲಕ್ಕೆ ಬಹು ಪ್ರಮಾಣಬದ್ಧವಾದುದೆಂದು ಹೆಸರಾಯಿತು. ಅಳೆಯುವುದು, ಬರೆದಿಡುವುದು, ಬರೆದುದನ್ನು ಮತ್ತೆ ಪರೀಕ್ಷಿಸುವುದು ಎಂಬ ಮೂರು ಗುಣಗಳು ಮಗನಿಗೆ ಮನೆಯಲ್ಲಿಯೇ ದೊರೆತ ಆಸ್ತಿ.

ಬಾಲಕನಿಗೆ ಕ್ರಮವಾದ ಶಾಲಾ ಶಿಕ್ಷಣ ದೊರೆತುದು ಅಲ್ಪಕಾಲ ಮಾತ್ರ. 1788ರಲ್ಲಿ ಡಬ್ಲಿನ್ ನಗರದ ಬಳಿಯ ಡನ್ಸಿಂಕ್ ಖಗೋಳ ವೀಕ್ಷಣಾಲಯದಲ್ಲಿ ಆಚಾರ್ಯ ಹೆನ್ರಿ ಅಷರ್ ಅವರ ಬಳಿ ಕೆಲವು ತಿಂಗಳು ನಕ್ಷತ್ರಗಳ ಸ್ಥಾನವನ್ನು ಗುರುತಿಸುವ ವಿದ್ಯೆಯನ್ನು ಕಲಿತರು. ಮುಂದಿನದೆಲ್ಲ ಸ್ವಂತ ಓದು, ಸ್ವಂತ ಪರಿಶ್ರಮ. ಹದಿನಾಲ್ಕರ ಪ್ರಾಯಕ್ಕೇ ಕಡಲು ಅವರ ಪಾಠಶಾಲೆಯಾಯಿತು.

ನಕಾಶೆಯ ತಪ್ಪು ಕಲಿಸಿದ ಪಾಠ

1789ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ವ್ಯಾನ್‌ಸಿಟಾರ್ಟ್ ಎಂಬ ಹಡಗನ್ನೇರಿ ಪೂರ್ವ ದೇಶಗಳತ್ತ ಹೊರಟರು. ಅದೇ ವರ್ಷ ಸುಮಾತ್ರದ ಪೂರ್ವಕ್ಕಿರುವ ಗ್ಯಾಸ್ಪರ್ ಜಲಸಂಧಿಯಲ್ಲಿ ಹಡಗು ನೀರಿನಡಿಯ ಬಂಡೆಗೆ ಬಡಿದು ನಾಶವಾಯಿತು. ಆ ಬಂಡೆ ನಕಾಶೆಯಲ್ಲಿ ಗುರುತಾಗಿರಲಿಲ್ಲ. ಚಿಕ್ಕ ದೋಣಿಗಳಲ್ಲಿ ಪಾರಾದವರಲ್ಲಿ ಹದಿನೈದು ವರ್ಷದ ಈ ಬಾಲಕನೂ ಒಬ್ಬ. ಕಾಗದದ ಮೇಲೆ ಇರಬೇಕಾದ ಒಂದು ಗುರುತು ಇಲ್ಲದುದರಿಂದ ಒಂದು ಹಡಗೇ ಮುಳುಗಬಹುದೆಂಬುದನ್ನು ಅವರು ಓದಿ ತಿಳಿದುದಲ್ಲ, ಕಣ್ಣಾರೆ ಕಂಡುದು. ಮುಂದಿನ ಅರುವತ್ತೆಂಟು ವರ್ಷಗಳ ಅವರ ಬದುಕು ಈ ಪಾಠದ ವಿಸ್ತಾರವೆಂದರೆ ತಪ್ಪಾಗದು. ಆ ಹಡಗಿನ ಕಪ್ತಾನರಾಗಿದ್ದ ಲೆಸ್ಟಾಕ್ ವಿಲ್ಸನ್ ಅವರ ಮಗಳು ಅಲಿಷಿಯಾರನ್ನೇ ಅವರು 1812ರಲ್ಲಿ ವಿವಾಹವಾದರು.

1790ರಲ್ಲಿ ಬ್ರಿಟಿಷ್ ನೌಕಾಪಡೆಯನ್ನು ಸೇರಿದ ಬ್ಯೂಫೋರ್ಟರು ಫ್ರಾನ್ಸಿನೊಡನೆ ನಡೆದ ಸುದೀರ್ಘ ಯುದ್ಧದಲ್ಲಿ ಸೇವೆ ಸಲ್ಲಿಸಿದರು. 1800ರ ಅಕ್ಟೋಬರಿನಲ್ಲಿ ಸ್ಪೇನ್ ದೇಶದ ಮಲಾಗಾ ತೀರದ ಬಳಿ ಸ್ಯಾನ್ ಹೋಸೆಫ್ ಎಂಬ ಶತ್ರುನೌಕೆಯನ್ನು ವಶಪಡಿಸಿಕೊಳ್ಳುವ ಕಾರ್ಯದಲ್ಲಿ ಅವರೇ ಮುಂದಾಳಾಗಿದ್ದರು. ನೌಕೆ ಕೈವಶವಾಯಿತು, ಆದರೆ ಅವರ ದೇಹದ ಮೇಲೆ ಹತ್ತೊಂಬತ್ತು ಗಾಯಗಳಾದವು. ಬದುಕುವುದೇ ದುಸ್ತರವಾಗಿದ್ದ ಆ ಸ್ಥಿತಿಯಿಂದ ಚೇತರಿಸಿಕೊಳ್ಳಲು ದೀರ್ಘಕಾಲ ಬೇಕಾಯಿತು. ಆ ಬಿಡುವಿನ ಕಾಲವನ್ನೂ ಅವರು ವ್ಯರ್ಥಗೊಳಿಸಲಿಲ್ಲ. 1803-04ರಲ್ಲಿ ತಮ್ಮ ಭಾವ ರಿಚರ್ಡ್ ಲೋವೆಲ್ ಎಜ್ವರ್ತ್ ಅವರೊಡನೆ ಸೇರಿ ಡಬ್ಲಿನ್‌ನಿಂದ ಗಾಲ್ವೇವರೆಗೆ ದೂರದರ್ಶಕದಿಂದ ನೋಡಿ ಸಂಕೇತಗಳನ್ನು ತಿಳಿಯುವ ಸುದ್ದಿಗೋಪುರಗಳ ಸಾಲನ್ನು ನಿರ್ಮಿಸಿದರು. ಒಂದು ಗೋಪುರದವನು ತೋರಿದ ಸಂಕೇತಕ್ಕೆ ಇನ್ನೊಂದು ಗೋಪುರದವನು ಅದೇ ಅರ್ಥವನ್ನು ಗ್ರಹಿಸಬೇಕು. ಇಲ್ಲವಾದರೆ ಸುದ್ದಿ ಸುದ್ದಿಯಾಗದು. ಗಾಳಿಯ ವಿಷಯದಲ್ಲಿಯೂ ಅವರು ಮುಂದೆ ಅನ್ವಯಿಸಿದುದು ಇದೇ ತತ್ತ್ವವನ್ನು.

ಹದಿಮೂರು ಸಾಲುಗಳ ಏಣಿ

1805ರಲ್ಲಿ ಬ್ಯೂಫೋರ್ಟರಿಗೆ ವುಲ್ವಿಚ್ ಎಂಬ ಹಡಗಿನ ಅಧಿಪತ್ಯ ದೊರೆಯಿತು. ಅದು ಸರಕು ಸಾಗಿಸುವ ಹಡಗು. ವೀರಯೋಧನೆಂದು ಹೆಸರಾದವರಿಗೆ ಇದು ನಿರಾಶೆಯ ಸಂಗತಿಯೇ. ಆದರೆ ಕೀರ್ತಿಗೆ ಅವಕಾಶವಿಲ್ಲದ ಆ ಹಡಗಿನಲ್ಲಿಯೇ ಅವರ ಹೆಸರನ್ನು ಶಾಶ್ವತಗೊಳಿಸಿದ ಕೆಲಸ ನಡೆಯಿತು. 1806ನೆಯ ಇಸವಿ ಜನವರಿ 13ರಂದು ಅವರು ತಮ್ಮ ದಿನಚರಿಯಲ್ಲಿ, ಇನ್ನು ಮುಂದೆ ಗಾಳಿಯ ಬಲವನ್ನು ಅಂಕಿಗಳಿಂದ ಸೂಚಿಸುವುದಾಗಿ ನಿರ್ಧರಿಸಿ, ಸೊನ್ನೆಯಿಂದ ಹದಿಮೂರರವರೆಗೆ ಒಂದು ಪಟ್ಟಿಯನ್ನು ಬರೆದರು. ಮರುವರ್ಷ ಅದನ್ನು ಪರಿಷ್ಕರಿಸಿ ಸೊನ್ನೆಯಿಂದ ಹನ್ನೆರಡರವರೆಗಿನ ಹದಿಮೂರು ಮೆಟ್ಟಿಲುಗಳಿಗೆ ಇಳಿಸಿದರು.

ಇಂಥ ಪಟ್ಟಿ ಮಾಡಿದವರಲ್ಲಿ ಅವರೇ ಮೊದಲಿಗರಲ್ಲವೆಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ ಅವರು 1759ರಲ್ಲಿ ಗಾಳಿಗಿರಣಿಗಳ ಅಧ್ಯಯನದ ಸಂದರ್ಭದಲ್ಲಿ ಗಾಳಿಯ ದರ್ಜೆಗಳನ್ನು ಸೂಚಿಸಿದ್ದರು. ಮದರಾಸಿನಲ್ಲಿ ಕಂಪನಿಯ ಗುಮಾಸ್ತರಾಗಿ ವೃತ್ತಿಯನ್ನಾರಂಭಿಸಿ, ಮುಂದೆ ಬ್ರಿಟಿಷ್ ನೌಕಾಪಡೆಯ ಮೊದಲ ಸಾಗರಪಟಾಧಿಕಾರಿಯಾದ ಅಲೆಗ್ಸಾಂಡರ್ ಡಾಲ್ರಿಂಪಲ್ ಅವರು ಅದನ್ನು ನಾವಿಕರ ಬಳಕೆಗೆ ಹೊಂದಿಸಿದ್ದರು. ಬ್ಯೂಫೋರ್ಟರು ಕಲಿತದ್ದು ಅವರಿಂದಲೇ. ಹಾಗಾದರೆ ಬ್ಯೂಫೋರ್ಟರ ಹೆಚ್ಚಳವೇನು? ಮಂದಗಾಳಿ, ಬಿರುಗಾಳಿ ಎಂಬ ಹೆಸರುಗಳನ್ನಷ್ಟೇ ಕೊಡದೆ, ಆ ಗಾಳಿಯಲ್ಲಿ ಹಡಗು ಹೇಗೆ ನಡೆದುಕೊಳ್ಳುತ್ತದೆಯೆಂಬುದನ್ನು ಅವರು ಅಳತೆಯ ಆಧಾರವಾಗಿ ಮಾಡಿಕೊಂಡರು. ನಾವಿಕನ ಮನಸ್ಸಿಗೆ ಏನು ತೋರಿತೆಂಬುದನ್ನು ಬಿಟ್ಟು, ಹಾಯಿಗಳಿಗೆ ಏನಾಯಿತೆಂಬುದನ್ನು ಕೇಳಿದರು.

ಸೊನ್ನೆಯೆಂದರೆ ಗಾಳಿಯೇ ಇಲ್ಲದ ಸ್ತಬ್ಧತೆ. ಒಂದೆಂದರೆ ಹಡಗು ಚುಕ್ಕಾಣಿಯ ಮಾತು ಕೇಳುವಷ್ಟು ಮಾತ್ರ ಗಾಳಿ. ಎರಡು, ಮೂರು, ನಾಲ್ಕು ಎಂಬವು ಎಲ್ಲ ಹಾಯಿಗಳನ್ನೂ ಬಿಚ್ಚಿದಾಗ ಯುದ್ಧನೌಕೆಯು ಎಷ್ಟು ವೇಗದಿಂದ ಸಾಗುವುದೆಂಬುದರ ಮೇಲೆ ನಿಂತಿವೆ. ಐದರಿಂದ ಒಂಬತ್ತರವರೆಗೆ, ಶತ್ರುವನ್ನು ಬೆನ್ನಟ್ಟುವಾಗ ಯಾವ ಯಾವ ಹಾಯಿಗಳನ್ನು ಹಡಗು ತಾಳಿಕೊಳ್ಳಬಲ್ಲದು ಎಂಬ ಪ್ರಶ್ನೆ. ಹತ್ತಕ್ಕೆ ಮುಖ್ಯ ಹಾಯಿಯನ್ನು ಮಡಿಸಿ ಕುಗ್ಗಿಸಿದರೂ ತಾಳುವುದು ಕಷ್ಟ. ಹನ್ನೊಂದಕ್ಕೆ ಬಿರುಗಾಳಿಗೆಂದೇ ಇರುವ ಚಿಕ್ಕ ಹಾಯಿಗಳು ಮಾತ್ರ. ಹನ್ನೆರಡು ಎಂದರೆ ಯಾವ ಬಟ್ಟೆಯೂ ಎದುರಿಸಿ ನಿಲ್ಲಲಾರದ ಗಾಳಿ. ಪಶ್ಚಿಮ ದೇಶದ ನಾವಿಕರು ಹರಿಕೇನ್ ಎಂದು ಕರೆಯುವ ಪ್ರಚಂಡ ಮಾರುತ. ಯಾವ ಉಪಕರಣವೂ ಇಲ್ಲದ ಹಡಗಿನಲ್ಲಿ, ಯಾವ ಕಡಲಿನಲ್ಲಿಯೇ ಆಗಲಿ, ಇಬ್ಬರು ಅಧಿಕಾರಿಗಳು ಒಂದೇ ಗಾಳಿಗೆ ಒಂದೇ ಅಂಕಿಯನ್ನು ಬರೆಯಲು ಇದರಿಂದ ಸಾಧ್ಯವಾಯಿತು.

ದೀರ್ಘ ನಿರೀಕ್ಷೆ ಮತ್ತು ಸಾಧನೆ

1811 ಮತ್ತು 1812ರಲ್ಲಿ ಬ್ಯೂಫೋರ್ಟರು ತುರ್ಕಿಯ ದಕ್ಷಿಣ ತೀರವನ್ನು ಅಳೆದು ನಕಾಶೆಗಳನ್ನು ಸಿದ್ಧಪಡಿಸಿದರು. ಆ ಕಾರ್ಯದ ನಡುವೆ ಅಯಾಸ್ ಎಂಬಲ್ಲಿ ಸ್ಥಳೀಯರ ದಾಳಿಗೆ ಸಿಕ್ಕು ಗುಂಡೇಟಿನಿಂದ ಸೊಂಟದ ಮೂಳೆ ಮುರಿಯಿತು. ಹಡಗಿನ ಮೇಲಿನ ಅವರ ಸೇವೆ ಅಲ್ಲಿಗೆ ಮುಗಿಯಿತು. 1823ರಲ್ಲಿ ನೌಕಾಪಡೆಯ ಸಾಗರಪಟಾಧಿಕಾರಿಯ ಹುದ್ದೆ ತೆರವಾದಾಗ ಅದು ಧ್ರುವಪ್ರದೇಶದ ಯಾತ್ರಿಕ ಎಡ್ವರ್ಡ್ ಪ್ಯಾರಿ ಅವರ ಪಾಲಾಯಿತು. 1829ರಲ್ಲಿ, ಐವತ್ತೈದರ ವಯಸ್ಸಿನಲ್ಲಿ, ಇತರರು ವಿಶ್ರಾಂತಿಯನ್ನು ಬಯಸುವ ಕಾಲದಲ್ಲಿ, ಬ್ಯೂಫೋರ್ಟರಿಗೆ ಆ ಹುದ್ದೆ ದೊರೆಯಿತು.

ಮುಂದಿನ ಇಪ್ಪತ್ತಾರು ವರ್ಷ, ಅಂದರೆ 1855ರವರೆಗೆ, ಅವರು ಆ ಸ್ಥಾನದಲ್ಲಿದ್ದು ದುಡಿದ ಪರಿ ಅಸಾಧಾರಣವಾದುದು. ಜಗತ್ತಿನ ಎಲ್ಲ ಕಡಲುಗಳಿಗೂ ಸರ್ವೇಕ್ಷಣ ಹಡಗುಗಳನ್ನು ಕಳುಹಿಸಿದರು. ಕಡಲಿನ ಉಬ್ಬರವಿಳಿತದ ಪಟ್ಟಿಗಳನ್ನೂ ನಾವಿಕರಿಗೆ ಎಚ್ಚರಿಕೆ ನೀಡುವ ಪ್ರಕಟಣೆಗಳನ್ನೂ ಆರಂಭಿಸಿದರು. ಅವರು ನಿವೃತ್ತರಾಗುವ ವೇಳೆಗೆ ಆ ಕಚೇರಿಯ ಸಾಗರಪಟಗಳ ಸಂಖ್ಯೆ ಸುಮಾರು 2 ಸಾವಿರವನ್ನು ಮುಟ್ಟಿತ್ತು. ಆ ಪಟಗಳ ಖ್ಯಾತಿ ಎಷ್ಟೆಂದರೆ ಅನ್ಯ ದೇಶಗಳ ಹಡಗುಗಳೂ ಅವನ್ನೇ ನೆಚ್ಚಿ ಸಂಚರಿಸಿದವು. ಬಾಲ್ಯದಲ್ಲಿ ಗುರುತಿಲ್ಲದ ಬಂಡೆಯಿಂದ ಹಡಗು ಕಳೆದುಕೊಂಡವರು ಮುಪ್ಪಿನಲ್ಲಿ ಲೋಕದ ಬಂಡೆಗಳನ್ನೆಲ್ಲ ಗುರುತಿಸಲು ಶ್ರಮಿಸಿದರು.

1831ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗು ರಾಬರ್ಟ್ ಫಿಟ್ಸ್‌ರಾಯ್ ಅವರ ನಾಯಕತ್ವದಲ್ಲಿ ಭೂಪ್ರದಕ್ಷಿಣೆಗೆ ಹೊರಟಿತು. ಅದರಲ್ಲಿ ತರುಣ ಪ್ರಕೃತಿ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನರಿಗೆ ಸ್ಥಾನ ದೊರೆಯುವಲ್ಲಿ ಬ್ಯೂಫೋರ್ಟರ ಪಾತ್ರವೂ ಇತ್ತು. ಆ ಯಾತ್ರೆಯ ದಿನಚರಿಯಲ್ಲಿ ಗಾಳಿಯ ಬಲವನ್ನು ಬ್ಯೂಫೋರ್ಟರ ಅಂಕಿಗಳಿಂದಲೇ ದಾಖಲಿಸಲಾಯಿತು. 1838ರ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ಎಲ್ಲ ಹಡಗುಗಳಿಗೂ ಈ ಪದ್ಧತಿ ಕಡ್ಡಾಯವಾಯಿತು. ದಿನಚರಿಯ ಪುಟವೊಂದರಲ್ಲಿ ಬರೆದುಕೊಂಡ ಪಟ್ಟಿಯು ಲೋಕದ ಬಳಕೆಗೆ ಬರಲು ಮೂವತ್ತೆರಡು ವರ್ಷ ಹಿಡಿಯಿತು. 1848ರಲ್ಲಿ ಅವರಿಗೆ ಸರ್ ಎಂಬ ಪದವಿ ಬಂದಿತು. ವೃದ್ಧಾಪ್ಯದಲ್ಲಿಯೂ ಹವೆಯ ದಿನಚರಿಯನ್ನು ಬಿಡದೆ ನಡೆಸಿದ ಅವರು 1857ರ ಡಿಸೆಂಬರ್ 17ರಂದು ನಿಧನರಾದರು.

ಬಲದಿಂದ ವೇಗಕ್ಕೆ

ಬ್ಯೂಫೋರ್ಟರ ಮೂಲ ಪಟ್ಟಿಯಲ್ಲಿ ಗಾಳಿಯ ವೇಗವನ್ನು ಹೇಳುವ ಒಂದು ಅಂಕಿಯೂ ಇರಲಿಲ್ಲವೆಂಬುದು ಗಮನಾರ್ಹ. ಅದು ಬಲದ ಅಳತೆಯೇ ಹೊರತು ವೇಗದ ಅಳತೆಯಲ್ಲ. ಅರ್ಮಾ ವೀಕ್ಷಣಾಲಯದ ಥಾಮಸ್ ರಾಮ್ನಿ ರಾಬಿನ್ಸನ್ ಅವರು 1846ರಲ್ಲಿ ನಾಲ್ಕು ಬಟ್ಟಲುಗಳು ತಿರುಗುವ ವಾಯುವೇಗಮಾಪಕವನ್ನು ರಚಿಸಿದ ಮೇಲೆ ಗಾಳಿಯ ವೇಗವನ್ನು ನೇರವಾಗಿ ಅಳೆಯುವುದು ಸುಲಭವಾಯಿತು. ಇತ್ತ ಉಗಿಹಡಗುಗಳು ಬಂದು ಹಾಯಿಗಳು ಮರೆಯಾದವು. ಹಾಯಿಯೇ ಇಲ್ಲದ ಹಡಗಿನಲ್ಲಿ ಹಾಯಿಯ ಅಳತೆಗೆ ಅರ್ಥವೇನು?

ಈ ತೊಡಕನ್ನು ಬಿಡಿಸಿದವರಲ್ಲಿ ಜಾರ್ಜ್ ಸಿಂಪ್ಸನ್ ಪ್ರಮುಖರು. 1906ರಲ್ಲಿ ಅವರು ಬ್ಯೂಫೋರ್ಟರ ಒಂದೊಂದು ಅಂಕಿಗೂ ವಾಯುವೇಗಮಾಪಕದಿಂದ ತಿಳಿದ ವೇಗವನ್ನು ಹೊಂದಿಸಿದರು. ನೆಲದ ಮೇಲೆ ಕಾಣುವ ಗುರುತುಗಳನ್ನೂ ಸೇರಿಸಿದರು. ಅದೇ ವರ್ಷ ಅವರು ಭಾರತದ ಹವಾಮಾನ ಇಲಾಖೆಯನ್ನು ಸೇರಿ ಸಿಮ್ಲಾಕ್ಕೆ ಬಂದರೆಂಬುದು ಸ್ಮರಣೀಯ. ಹೊಗೆ ನೆಟ್ಟಗೆ ಮೇಲೇರಿದರೆ ಸೊನ್ನೆ. ಎಲೆಗಳು ಮರ್ಮರಗುಟ್ಟಿದರೆ ಎರಡು. ಧೂಳೂ ಕಾಗದದ ಚೂರೂ ಎದ್ದರೆ ನಾಲ್ಕು. ದೊಡ್ಡ ಕೊಂಬೆಗಳು ಅಲುಗಿ ಕೊಡೆ ಹಿಡಿಯುವುದು ಕಷ್ಟವಾದರೆ ಆರು. ಇಡೀ ಮರವೇ ತೂಗಿ, ಗಾಳಿಗೆದುರಾಗಿ ನಡೆಯುವುದು ತ್ರಾಸವಾದರೆ ಏಳು. ರೆಂಬೆಗಳು ಮುರಿದರೆ ಎಂಟು. ಮರಗಳು ಬೇರುಸಹಿತ ಉರುಳಿದರೆ ಹತ್ತು. ಶಾಲೆಯ ಅಂಗಳದ ಬೇವಿನ ಮರವನ್ನು ನೋಡಿಯೇ ವಿದ್ಯಾರ್ಥಿಯೊಬ್ಬನು ಗಾಳಿಯನ್ನು ಅಳೆಯಬಲ್ಲನು.

ಚಂಡಮಾರುತದ ಮೆಟ್ಟಿಲುಗಳು

1864ರಲ್ಲಿ ಕಲ್ಕತ್ತೆಯನ್ನು ಧ್ವಂಸಗೊಳಿಸಿದ ಚಂಡಮಾರುತ, ತರುವಾಯ ಮಳೆಯ ಅಭಾವದಿಂದ ಬಂದ ಕ್ಷಾಮ, ಇವುಗಳ ಪರಿಣಾಮವಾಗಿ 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಈ ಇಲಾಖೆಯು ಬಂಗಾಳ ಕೊಲ್ಲಿ ಹಾಗೂ ಅರಬ್ಬಿ ಸಮುದ್ರದ ಬಿರುಗಾಳಿಗಳನ್ನು ವಿಂಗಡಿಸುವ ಕ್ರಮವನ್ನು ಬ್ಯೂಫೋರ್ಟರ ಅಳತೆಯ ಪಕ್ಕದಲ್ಲಿಟ್ಟು ನೋಡಿದರೆ ಅವರ ಕೊಡುಗೆ ಸ್ಪಷ್ಟವಾಗುತ್ತದೆ.

ಸುಳಿಯುವ ಗಾಳಿಯ ಗರಿಷ್ಠ ವೇಗವು ಗಂಟೆಗೆ 31ರಿಂದ 49 ಕಿಲೋಮೀಟರ್ ಇದ್ದರೆ ಅದು ವಾಯುಭಾರ ಕುಸಿತ. ಬ್ಯೂಫೋರ್ಟರ ಲೆಕ್ಕದಲ್ಲಿ ಐದು ಮತ್ತು ಆರು. 50ರಿಂದ 61 ಕಿಲೋಮೀಟರ್ ಇದ್ದರೆ ತೀವ್ರ ವಾಯುಭಾರ ಕುಸಿತ, ಅದು ಏಳು. 62ರಿಂದ 88 ಕಿಲೋಮೀಟರ್ ಇದ್ದರೆ ಚಂಡಮಾರುತ. ಎಂಟು ಮತ್ತು ಒಂಬತ್ತು. ಈ ಮೆಟ್ಟಿಲನ್ನು ಮುಟ್ಟಿದಾಗಲೇ ಬಿರುಗಾಳಿಗೆ ಹೆಸರಿಡುವುದು. 89ರಿಂದ 117 ಕಿಲೋಮೀಟರ್ ಇದ್ದರೆ ತೀವ್ರ ಚಂಡಮಾರುತ. ಹತ್ತು ಮತ್ತು ಹನ್ನೊಂದು. 118 ಕಿಲೋಮೀಟರ್, ಅಂದರೆ ನಾವಿಕರ ಲೆಕ್ಕದ 64 ನಾಟ್, ದಾಟಿದರೆ ಅತಿ ತೀವ್ರ ಚಂಡಮಾರುತ, ಅದೇ ಹನ್ನೆರಡು. ಅಮೆರಿಕದಲ್ಲಿ ಹರಿಕೇನ್ ಎಂಬ ಹೆಸರು ಸಲ್ಲುವುದೂ ಇದೇ 64 ನಾಟ್ ಮುಟ್ಟಿದಾಗಲೇ. ಹಾಯಿಯ ಬಟ್ಟೆ ಹರಿದುಹೋಗುವ ಗೆರೆಯನ್ನೇ ಎರಡು ಶತಮಾನಗಳ ಬಳಿಕ ಯಂತ್ರಗಳೂ ಉಪಗ್ರಹಗಳೂ ಗೆರೆಯಾಗಿ ಇಟ್ಟುಕೊಂಡಿವೆ.

ಆದರೆ ಹನ್ನೆರಡರಾಚೆಗೆ ಬ್ಯೂಫೋರ್ಟರು ಏನನ್ನೂ ಹೇಳಲಿಲ್ಲ. ಹಾಯಿ ಉಳಿಯದ ಮೇಲೆ ನಾವಿಕನಿಗೆ ಮುಂದಿನ ಲೆಕ್ಕ ಬೇಕಿರಲಿಲ್ಲ. ಮನೆ ಕಟ್ಟಿ ನೆಲದ ಮೇಲೆ ವಾಸಿಸುವವರಿಗಾದರೋ ಅದು ಬೇಕೇ ಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಗೋಡೆಯ ಮೇಲಿನ ಒತ್ತಡ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಆದ್ದರಿಂದ 120 ಕಿಲೋಮೀಟರ್ ವೇಗದ ಗಾಳಿಯನ್ನೂ 240 ಕಿಲೋಮೀಟರ್ ವೇಗದ ಗಾಳಿಯನ್ನೂ ಒಂದೇ ಅಂಕಿಯಿಂದ ಕರೆಯುವುದು ಸಲ್ಲದು. ಈ ಕೊರತೆಯನ್ನು ತುಂಬಲು ಅಮೆರಿಕದಲ್ಲಿ ಎಂಜಿನಿಯರ್ ಹರ್ಬರ್ಟ್ ಸ್ಯಾಫಿರ್ ಮತ್ತು ಹವಾ ವಿಜ್ಞಾನಿ ರಾಬರ್ಟ್ ಸಿಂಪ್ಸನ್ ಅವರು ಹರಿಕೇನುಗಳಿಗೆ ಒಂದರಿಂದ ಐದರವರೆಗೆ ದರ್ಜೆಗಳನ್ನು ರೂಪಿಸಿದರು. ಅಲ್ಲಿ 119 ಕಿಲೋಮೀಟರಿನಿಂದ ಮೊದಲ ದರ್ಜೆ. 252 ಕಿಲೋಮೀಟರಿನಿಂದ ಐದನೆಯ ದರ್ಜೆ. ಭಾರತದ ಕ್ರಮದಲ್ಲಿಯೂ ಅತಿ ತೀವ್ರ ಚಂಡಮಾರುತದ ಮೇಲೆ, 167 ಕಿಲೋಮೀಟರಿನಿಂದ ಅತ್ಯಂತ ತೀವ್ರ ಚಂಡಮಾರುತ, 222 ಕಿಲೋಮೀಟರಿನಿಂದ ಸೂಪರ್ ಸೈಕ್ಲೋನ್ ಎಂಬ ಮೆಟ್ಟಿಲುಗಳಿವೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ನೆಲ ಮುಟ್ಟಿದುದು ಈ ಕೊನೆಯ ದರ್ಜೆಯದು. ಅದರ ವೇಗ ಸುಮಾರು 260 ಕಿಲೋಮೀಟರ್. 2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಸವರಿಕೊಂಡು ಹೋಗಿ ಗುಜರಾತನ್ನು ತಾಕಿದ ತೌಕ್ತೆ ಅತ್ಯಂತ ತೀವ್ರ ಚಂಡಮಾರುತದ ದರ್ಜೆಗೆ ಏರಿತ್ತು.

ಅಳತೆಯ ಮಿತಿಯನ್ನೂ ಅರಿತಿರುವುದು ವಿವೇಕ. ಗಾಳಿಯ ವೇಗವೊಂದೇ ಚಂಡಮಾರುತದ ಕ್ರೌರ್ಯವನ್ನು ಪೂರ್ತಿ ಹೇಳದು. 1977ರ ನವೆಂಬರ್ 19ರಂದು ಆಂಧ್ರದ ದಿವಿಸೀಮೆಯಲ್ಲಿ ಸಹಸ್ರಾರು ಜನ ಪ್ರಾಣ ತೆತ್ತುದು ಮುಖ್ಯವಾಗಿ ಉಕ್ಕಿ ನುಗ್ಗಿದ ಕಡಲ ನೀರಿನಿಂದ. ಗಾಳಿಯ ಲೆಕ್ಕದಲ್ಲಿ ಕೆಳದರ್ಜೆಯ ವಾಯುಭಾರ ಕುಸಿತವೂ ಧಾರಾಕಾರ ಮಳೆ ಸುರಿಸಿ ಊರುಗಳನ್ನು ಮುಳುಗಿಸಬಲ್ಲದು. ಹಾಗೆಂದು ಅಂಕಿಯ ಬೆಲೆ ಕುಂದುವುದಿಲ್ಲ. ಯಾವ ಅಂಕಿ ಯಾವ ಪ್ರಶ್ನೆಗೆ ಉತ್ತರವೆಂಬುದನ್ನು ತಿಳಿದು ಬಳಸಬೇಕು, ಅಷ್ಟೆ.

ಬದುಕಿನ ಸಾರ

ಅಮೆರಿಕ ಖಂಡದ ಉತ್ತರಕ್ಕಿರುವ ಹಿಮಸಾಗರದ ಒಂದು ಭಾಗವು ಬ್ಯೂಫೋರ್ಟ್ ಸಮುದ್ರವೆಂಬ ಹೆಸರನ್ನು ಹೊತ್ತಿದೆ. ಅದಕ್ಕಿಂತಲೂ ಹಿರಿದಾದ ಸ್ಮಾರಕವೆಂದರೆ ಪ್ರತಿದಿನವೂ ಜಗತ್ತಿನ ಹಡಗುಗಳಲ್ಲಿ ಬರೆಯಲ್ಪಡುವ ಅವರ ಅಂಕಿಗಳು. ಶಾಲೆಯ ಓದು ಅವರಿಗೆ ಅಲ್ಪವಾಗಿತ್ತು. ದೇಹ ಗಾಯಗಳಿಂದ ಜರ್ಜರಿತವಾಗಿತ್ತು. ಬಯಸಿದ ಹುದ್ದೆ ತಡವಾಗಿ ಬಂದಿತು. ಇವಾವುವೂ ಅವರನ್ನು ಕಾಯಕದಿಂದ ವಿಮುಖಗೊಳಿಸಲಿಲ್ಲ. ಕಂಡುದನ್ನು ಕಂಡಂತೆಯೇ, ಇನ್ನೊಬ್ಬನು ತಪ್ಪು ತಿಳಿಯದಂತೆ ಬರೆದಿಡುವುದು ಅವರ ಬಾಳಿನ ನಿಯಮವಾಗಿತ್ತು. ಪರರ ಪ್ರಾಣ ಆ ಬರಹವನ್ನು ನೆಚ್ಚಿಕೊಂಡಿರುತ್ತದೆಯೆಂಬ ಎಚ್ಚರ ಅವರಲ್ಲಿ ಎಂದೂ ಮಾಸಲಿಲ್ಲ.

ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಗಾಳಿಯಿಂದ ವಿದ್ಯುತ್ತನ್ನು ಪಡೆಯುವ ಯಂತ್ರಗಳು ತಿರುಗುತ್ತಿವೆ. ಕಣದಲ್ಲಿ ರೈತನು ಗಾಳಿಯ ಹದಕ್ಕೆ ಕಾದು ನಿಲ್ಲುತ್ತಾನೆ. ಕರಾವಳಿಯ ಮೀನುಗಾರನು ಹವಾಮಾನ ವಾರ್ತೆಯನ್ನು ಕೇಳಿ ದೋಣಿಯನ್ನು ದಡಕ್ಕೆಳೆಯುತ್ತಾನೆ. ಇವರೆಲ್ಲರ ಗಾಳಿಯೂ ಒಂದೇ. ಅದನ್ನು ಎಲ್ಲರೂ ಒಂದೇ ಮಾತಿನಲ್ಲಿ ಹೇಳುವಂತೆ ಮಾಡಿದವರಲ್ಲಿ ಬ್ಯೂಫೋರ್ಟರ ಹೆಸರು ಮೊದಲನೆಯದು. ಮುಂದೆ ಚಂಡಮಾರುತದ ವಾರ್ತೆ ಬಂದಾಗ ಅದರ ವಿಶೇಷಣವನ್ನಷ್ಟೇ ಕೇಳಿ ಸುಮ್ಮನಾಗದೆ, ಅದರ ಹಿಂದಿರುವ ಅಂಕಿಯನ್ನೂ ವಿದ್ಯಾರ್ಥಿಗಳು ಕೇಳಿ ತಿಳಿದರೆ ಆ ಹಿರಿಯ ನಾವಿಕರ ಶ್ರಮ ಸಾರ್ಥಕವಾದಂತೆ.